ಕೌದಿ ಹಾಸಿದ ಕಾರು

ಮೊನ್ನೆ ಪಣಜಿಯ ನಮ್ಮ ಬಿಲ್ಡಿಂಗಿನ ಗೇಟಿಗೆ ಬಣ್ಣ ಹೊಡೆಯಲು ಬಂದವನು ಮೊದಲು ಕೆಂಪು ಪ್ರೈಮರ್ ಬಳಿದು ಹೋಗಿದ್ದ. ತರಕಾರಿ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದ ನನ್ನ ಮೂಗಿಗೆ ಥಿನ್ನರಿನ ಘಾಟು ಬಡಿಯಿತು. ಅಲ್ಲೇ ನಿಂತುಬಿಟ್ಟೆ. ಉಳಿದವರು ಮೂಗು ಮುಚ್ಚಿಕೊಂಡು ಹೋದರು. ನನಗೆ ಮಾತ್ರ ನಾವು ಮೊದಲಿದ್ದ ಗಣಿಯೂರು ಸಾಂಖಳಿಯ ಆ ತಗಡಿನ ಶೆಡ್ಡು, ಅದರೊಳಗೆ ಕಾರಿನ ಕೆಳಗಿಂದ ಚಾಚಿಕೊಂಡ ಎರಡು ಕಾಲು ಕಣ್ಣಿಗೆ ಬಂದವು. ಮಿಸ್ತ್ರಿ ಕಾಕಾನ ಕಾಲುಗಳು...

ಆಗ ಗಣಿಗಳಿಗೆ ಸುಗ್ಗಿಯ ಕಾಲ. ಅದಿರು ತುಂಬಿದ ಟಿಪ್ಪರುಗಳು ಒಂದರ ಬಾಲ ಒಂದು ಹಿಡಿದು ಓಡುತ್ತಿದ್ದವು. ಬೆಳಿಗ್ಗೆ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕಾವಿಯಾಗಿ ಸನ್ಯಾಸ ತೆಗೆದುಕೊಳ್ಳುತ್ತಿತ್ತು. ನನ್ನ ಗಂಡ ಟಿಪ್ಪರ್ ಓಡಿಸುತ್ತಿದ್ದರು, ನಾನು ಮನೆಯಲ್ಲೇ ಹೊಲಿಗೆ ಮಷಿನ್ ಹಾಕಿಕೊಂಡಿದ್ದೆ. ನಮ್ಮ ಗೋಡೆಗೆ ಗೋಡೆ ಹಚ್ಚಿ ಮಿಸ್ತ್ರಿ ಕಾಕಾ ಮತ್ತು ಕಾಕು ಇದ್ದರು. ನಾವು ಗದಗಿನ ಕಡೆಯವರು, ಅವರು ಬಾದಾಮಿಯ ಕಡೆಯವರು. ಅವರಿಗೆ ಮಕ್ಕಳಿರಲಿಲ್ಲ. ಕಾಕಾ ಹಗಲೆಲ್ಲ ಟಿಪ್ಪರ್ ರಿಪೇರಿ ಮಾಡಿ ಬಂದು, ಸಂಜೆ ಹಿತ್ತಿಲ ಶೆಡ್ಡಿನಲ್ಲಿ ಮತ್ತೆ ಸುತ್ತಿಗೆ ಹಿಡಿಯುತ್ತಿದ್ದರು.

ಕುಂತಲ್ಲಿ ಕೂಡದ, ನಿಂತಲ್ಲಿ ನಿಲ್ಲದ ಜೀವ ಅದು. ಊಟಕ್ಕೆ ಕುಳಿತರೂ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು. ಅರ್ಧ ರೊಟ್ಟಿ ಮುರಿದವರು ಏನೋ ನೆನಪಾಗಿ ಎದ್ದು ಹೋಗಿ ಒಂದು ನಟ್ಟು ಬಿಗಿದು ಬರುತ್ತಿದ್ದರು. ಅವರ ಸದ್ದಿಗೆ ನನ್ನ ಮಷಿನ್ನಿನ ದಾರ ತುಂಡಾಗುತ್ತದೆಂದು ನಾನು ಗೋಡೆ ಬಡಿದು ಜಗಳ ತೆಗೆಯುತ್ತಿದ್ದೆ. ಸುತ್ತಿಗೆ ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ಮತ್ತೆ ಶುರು.

ಆ ಕಾರು ಪೋರ್ಚುಗೀಸರ ಕಾಲದ್ದು. ನಾಲ್ಕು ಬಾಗಿಲು, ಆಮೆಯಂಥ ದುಂಡು ಬೆನ್ನು. ಯಾರದೋ ಹಳೆ ಬಂಗಲೆಯ ಗೇರುಮರದ ಕೆಳಗೆ ತುಕ್ಕು ಹಿಡಿದು ಬಿದ್ದಿತ್ತು, ಒಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಒಯ್ದರೆ ಸಾಕೆಂದರಂತೆ ಬಂಗಲೆಯವರು. ನನ್ನ ಗಂಡನೇ ಟಿಪ್ಪರಿನಲ್ಲಿ ಹಾಕಿ ತಂದರು. ಸಮುದ್ರದ ಕಡೆಯಿಂದ ಬೈಕು ರಿಪೇರಿಗೆ ಬಂದ ಯಾವನೋ ಬಿಳಿಯ ಪ್ರವಾಸಿ ಬಿಟ್ಟುಹೋದ ಪುಸ್ತಕವೊಂದು ಕಾಕಾನ ಹತ್ತಿರವಿತ್ತು. ಅದರಲ್ಲಿ ಬರೀ ಹಾಟ್ ರಾಡ್ ಕಾರುಗಳ ಚಿತ್ರಗಳು. ಹಳೆ ಕಾರಿನ ಮೈ ಉಳಿಸಿಕೊಂಡು, ತಲೆಯ ಮೇಲಿನ ಮಾಡು ಕೊಯ್ದು ತಗ್ಗಿಸಿ, ಮುಂದಿನ ಚಕ್ರಗಳನ್ನು ಬಯಲಿಗೆ ಬಿಟ್ಟು, ದೊಡ್ಡ ಇಂಜಿನ್ ಕೂರಿಸಿದ ಗಾಡಿಗಳು. ಕಾಕಾ ಆ ಚಿತ್ರಗಳನ್ನೇ ನೋಡಿ ಕೆಲಸಕ್ಕೆ ಇಳಿದರು. ಅಪಘಾತದಲ್ಲಿ ನುಜ್ಜುಗುಜ್ಜಾದ ಜೀಪಿನ ಇಂಜಿನ್ ತಂದು ಅದರ ಹೊಟ್ಟೆಗೆ ಇಳಿಸಿದರು.

ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಕಾಕು ಹಣೆ ಚಚ್ಚಿಕೊಳ್ಳುತ್ತಿದ್ದಳು. ಎಲ್ಲದಕ್ಕೂ ಮೂಲ ಕಾಕಾನ ಅಳಿಯತನದ ಸಿಟ್ಟು. ಗೋವಾಕ್ಕೆ ಬರುವ ಮೊದಲು ಒಂದು ಪಂಚಮಿ ಹಬ್ಬಕ್ಕೆ ಇಬ್ಬರೂ ಅವಳ ತವರಿಗೆ ಹೋಗಿದ್ದರಂತೆ. ಅಳಿಯ ಬಂದರೆ ಬಸ್ಸಿನ ಸ್ಟಾಪಿಗೆ ಬಂಡಿ ಕಳಿಸುವುದು ಆ ಮನೆಯ ರೂಢಿ. ಆ ದಿನ ಎತ್ತುಗಳು ಬೇರೆಯವರ ಹೊಲದಲ್ಲಿದ್ದವು, ಬಂಡಿ ಬರಲಿಲ್ಲ. ಹೊಸ ಧೋತರ ಉಟ್ಟ ಅಳಿಯ ಎರೆ ಮಣ್ಣಿನ ಕೆಸರಿನಲ್ಲಿ ನಡೆದು ಹೋದರು. ಯಾರೋ ನಕ್ಕರು. ಅಷ್ಟೇ ಸಾಕಾಯಿತು. ಅತ್ತೆಯ ಎದುರಿಗೇ ಆಣೆ ಇಟ್ಟರು:

"ಇನ್ನ ಈ ಬಾಗಲಿಗೆ ಬಂದ್ರ ನನ್ನ ಸ್ವಂತ ಗಾಡಿಯೊಳಗ ಬರ್ತೀನಿ. ಇಲ್ಲಾಂದ್ರ ನಾನೂ ಇಲ್ಲ, ಇಕೀನೂ ಇಲ್ಲ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಹಳೆ ವ್ಯಾನೊಂದನ್ನು ಕೊಂಡು ಹೋಗಿಬನ್ನಿ ಎಂದು ನನ್ನ ಗಂಡ ಎಷ್ಟು ಸಲ ಹೇಳಿದರೋ. ಕಾಕಾ ಕೇಳಲಿಲ್ಲ. ಗಾಡಿ ತಮ್ಮ ಕೈಯದೇ ಆಗಬೇಕು, ಅದರ ಸದ್ದು ಊರ ಕೆರೆಯ ದಂಡೆಯಿಂದಲೇ ಕೇಳಬೇಕು. ಕಾಕು ಒಬ್ಬಳೇ ಹೋಗಿಬರಬಹುದಿತ್ತು. ಗಂಡನ ಆಣೆಯನ್ನು ಹೆಂಡತಿಯೇ ಮುರಿದರೆ ಊರವರು ಅವರನ್ನು ಇನ್ನಷ್ಟು ಆಡಿಕೊಂಡಾರು ಎಂದು ಅವಳ ಅಳುಕು. ಅತ್ತ ಅವಳ ಅವ್ವನಿಗೆ ವಯಸ್ಸಾಗುತ್ತಿತ್ತು, ಕಣ್ಣು ಮಂಜಾಗಿದ್ದವು. ಪ್ರತಿ ಪಂಚಮಿಗೆ ಕಾಕು ನನ್ನ ಮನೆಗೆ ಬಂದು ಶೇಂಗಾದುಂಡಿ ಕಟ್ಟುತ್ತ ಕೂಡುತ್ತಿದ್ದಳು. ಮನಸ್ಸು ಮಾತ್ರ ಇಲ್ಲಿರುತ್ತಿರಲಿಲ್ಲ.

ಆ ವರ್ಷಗಳಲ್ಲಿ ಅವಳು ಕಾರಿನ ಸೀಟಿಗೆಂದು ಒಂದು ಕೌದಿ ಹೊಲಿಯತೊಡಗಿದಳು. ಹಳೆ ಇಳಕಲ್ ಸೀರೆಗಳು, ನನ್ನ ಮಷಿನ್ನಿನ ಕೆಳಗೆ ಬಿದ್ದ ತುಂಡುಗಳು, ಎಲ್ಲ ಸೇರಿದವು. ಒಂದು ಪಂಚಮಿ ತಪ್ಪಿದರೆ ಕೌದಿಗೆ ಇನ್ನೊಂದು ಪದರ. ನೋಡನೋಡುತ್ತ ಅದು ಗಾದಿಯಷ್ಟು ದಪ್ಪವಾಯಿತು.

ಕಾರು ಮಾತ್ರ ಮುಗಿಯಲಿಲ್ಲ. ಮುಗಿಯಿತು ಎನ್ನುವ ಹೊತ್ತಿಗೆ ಕಾಕಾಗೆ ಏನೋ ಕಿವಿಗೆ ಸರಿ ಬರುತ್ತಿರಲಿಲ್ಲ. ಇಂಜಿನ್ ಬಿಚ್ಚಿ ನೆಲಕ್ಕೆ ಹರವುತ್ತಿದ್ದರು. ಒಂದು ವರ್ಷ ಸೈಲೆನ್ಸರ್, ಇನ್ನೊಂದು ವರ್ಷ ಗೇರ್ ಬಾಕ್ಸ್. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂದು ನಾನು ಅವರ ಮುಖಕ್ಕೇ ಅಂದಿದ್ದೆ. ನಕ್ಕರು. ಆಮೇಲೆ ಎಷ್ಟೋ ಸಲ ನನಗೆ ಅನ್ನಿಸಿದೆ, ಅವರಿಗೆ ಹೆದರಿಕೆಯಿತ್ತು. ಕಾರು ಮುಗಿದರೆ ಹೋಗಲೇಬೇಕು, ಆ ಬಾಗಿಲ ಮುಂದೆ ನಿಲ್ಲಲೇಬೇಕು...

ಕೊನೆಗೆ ಒಂದು ಮಳೆಗಾಲದಲ್ಲಿ ಮಾಡು ಕೊಯ್ದರು. ನಾಲ್ಕು ಬೆರಳು ತಗ್ಗಿಸಿ ಮತ್ತೆ ಬೆಸೆದು, ಮೈಗೆಲ್ಲ ಕೆಂಪು ಪ್ರೈಮರ್ ಹೊಡೆದರು. ಅದರ ಘಾಟಿಗೆ ನಮ್ಮ ಅನ್ನಕ್ಕೂ ಥಿನ್ನರಿನ ರುಚಿ ಬಂತು. ಕಾರು ಮಾತ್ರ ನಿಜಕ್ಕೂ ಚೆಂದ ಕಂಡಿತು, ಸುಳ್ಳು ಯಾಕೆ ಹೇಳಲಿ. ಮೊದಲ ಸಲ ಕೂಡಲು ಕಾಕುವನ್ನು ಕರೆದರು. ಅವಳು ಕೌದಿಯನ್ನು ಹಿಂದಿನ ಸೀಟಿಗೆ ಹಾಸಿ, ಸೆರಗು ಹೊದ್ದು, ಒಳಗೆ ಕುಳಿತಳು. ತಲೆ ಮಾಡಿಗೆ ಠಪ್ಪೆಂದು ಬಡಿಯಿತು. ಕಾಕಾ ತಾವೇ ಬರಿ ಸೀಟಿನ ಮೇಲೆ ಕುಳಿತು ಅಳತೆ ತೆಗೆದಿದ್ದರು. ಹೆಂಡತಿಯ ಕೌದಿಯನ್ನು ಅಳತೆಗೆ ಹಿಡಿದಿರಲಿಲ್ಲ.

ನಾನು ಹೊಟ್ಟೆ ಹಿಡಿದು ನಕ್ಕೆ. ಕಾಕು ನಗಲಿಲ್ಲ. ಕಾಕಾ ಆಗಲೇ ಕೊಯ್ಯುವ ಮಷಿನ್ ಕಡೆ ನೋಡುತ್ತಿದ್ದರು, ಮಾಡನ್ನು ಮತ್ತೆ ಏರಿಸಬೇಕು ಎನ್ನುತ್ತಿದ್ದರು. ಅಂದರೆ ಇನ್ನೊಂದು ವರ್ಷ. ಅದೇ ವಾರ ಕಾಕುವಿನ ತಮ್ಮನ ಫೋನು ಬಂತು. ಅವ್ವ ಹಾಸಿಗೆ ಹಿಡಿದಿದ್ದಾಳೆ, ಪಂಚಮಿಗಾದರೂ ಬನ್ನಿ ಎಂದ. ಕಾಕಾ ಮಾಡಿನ ಕೆಲಸ ಬೇಗ ಮುಗಿಸುತ್ತೇನೆ ಎಂದು ತಡವರಿಸಿದರು. ಕಾಕು ಶೆಡ್ಡಿನ ಬಾಗಿಲಲ್ಲಿ ನಿಂತು, ದನಿ ಏರಿಸದೆ ಹೇಳಿದಳು:

"ಮಾಡು ಹಂಗ ಇರ್ಲಿ. ಸೀಟ ಬಿಚ್ಚಿ ತಗೀರಿ. ಬಂಡ್ಯಾಗ ಕುಂತಂಗ ತಳದಾಗ ಕೂಡ್ತೀನಿ. ನಮ್ಮವ್ವ ನನ್ನ ಮಾರಿ ನೋಡಬೇಕಾಗೇತಿ, ನಿಮ್ಮ ಕಾರಲ್ಲ."

ಕಾಕಾನ ಮೊಣಕಾಲು ಕುಣಿಯುವುದನ್ನು ನಿಲ್ಲಿಸಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ಪಾನಾ ತೆಗೆದುಕೊಂಡು ಸೀಟು ಬಿಚ್ಚಿದರು. ಪಂಚಮಿಯ ಬೆಳಿಗ್ಗೆ, ಸುರಿಯುವ ಮಳೆಯಲ್ಲಿ, ಬಣ್ಣ ಕಾಣದ ಆ ಕೆಂಪು ಕಾರು ನಮ್ಮ ಓಣಿಯನ್ನೆಲ್ಲ ನಡುಗಿಸಿ ಹೊರಬಿತ್ತು. ಹಿಂದೆ ತಳದಲ್ಲಿ ಕೌದಿಯ ಮೇಲೆ ಕಾಲು ಮಡಚಿ ಕುಳಿತಿದ್ದ ಕಾಕು ಉಂಡಿ ಡಬ್ಬಿಯನ್ನು ಎದೆಗೆ ಅವಚಿಕೊಂಡಿದ್ದಳು. ಚೋರ್ಲಾ ಘಾಟಿನಲ್ಲಿ ಎಲ್ಲಿ ನಿಂತುಬಿಡುತ್ತದೋ ಎಂದು ನಾನು ದಿನವೆಲ್ಲ ಒಂದು ಕುಪ್ಪಸವನ್ನೂ ಹೊಲಿಯಲಾಗದೆ ಒಳಗೂ ಹೊರಗೂ ಅಡ್ಡಾಡಿದೆ.

ಮುಂದಿನದನ್ನು ಕಾಕು ಮರಳಿ ಬಂದ ಮೇಲೆ ಹೇಳಿದಳು. ಬಸ್ಸಿನ ಸ್ಟಾಪು ಬಂದಾಗ ಅಲ್ಲಿ ಬೇವಿನ ಮರದ ಕೆಳಗೆ ಬಂಡಿ ನಿಂತಿತ್ತು. ಮಳೆಯಲ್ಲಿ ತೋಯ್ದ ಅವಳ ತಮ್ಮ ಹಗ್ಗ ಹಿಡಿದು ಕುಳಿತಿದ್ದ. ಕಾರಿನಲ್ಲಿ ಬರುವುದು ಗೊತ್ತಿದ್ದೂ ಬಂಡಿ ಯಾಕೆ ತಂದೆ ಎಂದು ಕಾಕಾ ಕೇಳಿದರು. ಅವನು ತಲೆ ತಗ್ಗಿಸಿದ.

"ಅವ್ವ ಬಿಡಂಗಿಲ್ರಿ ಮಾಮಾ. ನೀವು ಸಿಟ್ಟಾಗಿ ಹೋದಾಗಿಂದ ಪ್ರತಿ ಪಂಚಮಿಗೂ ಬಂಡಿ ಕಳಸ್ಯಾಳ. ಖಾಲಿ ಹೊಳ್ಳಿ ಬರತಿತ್ತು. ನಿಮಗ ಹೇಳಬ್ಯಾಡಂತ ಆಣಿ ಹಾಕಿದ್ಲು."

ಇಂಜಿನ್ ಗುಡುಗುತ್ತಲೇ ಇತ್ತು. ಊರು ಕೇಳಲಿ ಎಂದು ವರ್ಷಗಟ್ಟಲೆ ಶ್ರುತಿ ಕೂಡಿಸಿದ ಸದ್ದು ಅದು. ಕಾಕಾ ಕೈ ಚಾಚಿ ಅದನ್ನು ಆರಿಸಿದರಂತೆ.

"ಕೌದಿ ತಗೋ," ಎಂದರು ಕಾಕುವಿಗೆ. "ಬಂಡಿಗೆ ಹಾಸು."

ಕಾರು ಬೇವಿನ ಮರದ ಕೆಳಗೇ ಉಳಿಯಿತು. ಸ್ವಂತ ಗಾಡಿಯ ಆಣೆ ಇಟ್ಟ ಅಳಿಯ ಅತ್ತೆಯ ಬಂಡಿಯಲ್ಲೇ ಆ ಬಾಗಿಲಿಗೆ ಹೋದರು. ಅವರು ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ, ಮನೆಯಲ್ಲಿ ಕಣ್ಣು ಕಾಣದ ಮುದುಕಿ ಹಾಸಿಗೆಯಿಂದ ಏಳಲು ಹವಣಿಸಿದ್ದಳಂತೆ. ಹಿಡಿಯಲು ಬಂದ ಸೊಸೆಗೆ ಹೇಳಿದ್ದಳು: "ಗಾಲಿ ಸಪ್ಪಳ ಕೇಳ. ಈ ಸಲ ಬಂಡಿ ತುಂಬಿ ಬರಾಕತ್ತೇತಿ."

ಇದನ್ನು ಹೇಳುತ್ತ ಕಾಕು ಅತ್ತಳು. ನಾನೂ ಅತ್ತೆ. ಗೋಡೆಯ ಆಚೆ ಅವತ್ತು ಸುತ್ತಿಗೆಯ ಸದ್ದಿರಲಿಲ್ಲ. ಮುದುಕಿ ಮುಂದಿನ ದೀಪಾವಳಿಯವರೆಗೆ ಇದ್ದಳು, ಅಷ್ಟರಲ್ಲಿ ಕಾಕಾ ಇನ್ನೂ ಎರಡು ಸಲ ಕರೆದುಕೊಂಡು ಹೋಗಿ ಬಂದರು.

ಗಣಿಗಳು ನಿಂತಾಗ ಸಾಂಖಳಿಯೇ ಮೂಕವಾಯಿತು. ಟಿಪ್ಪರುಗಳು ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತು ಅವುಗಳ ಮೇಲೆ ಬಳ್ಳಿ ಹಬ್ಬಿದವು. ನಾವು ಪಣಜಿಗೆ ಬಂದೆವು, ಅವರು ಅದೇ ಕಾರಿನಲ್ಲಿ ಊರಿಗೆ ಹೋದರು. ಹೊರಡುವಾಗಲೂ ಅದು ಕೆಂಪು ಪ್ರೈಮರಿನಲ್ಲೇ ಇತ್ತು. ಬಣ್ಣ ಯಾವಾಗ ಎಂದು ಕೆಣಕಿದ್ದಕ್ಕೆ, ಊರಿಗೆ ಹೋದ ಮೇಲೆ ಮೊದಲ ಕೆಲಸವೇ ಅದು ಎಂದರು ಕಾಕಾ. ಆ ಕೆಲಸ ಆಗಲಿಲ್ಲ. ಒಂದು ಮಧ್ಯಾಹ್ನ ಊಟದ ನಡುವೆ ಏನೋ ನೆನಪಾಗಿ ಎದ್ದವರು ಕಾರಿನ ಹತ್ತಿರವೇ ಕುಸಿದರಂತೆ. ಎದೆ ಬಡಿತ ನಿಂತಿತ್ತು.

ಗೇಟಿನ ವಾಸನೆ ತಲೆಗೇರಿ, ಮನೆಗೆ ಬಂದವಳೇ ಕಾಕುವಿಗೆ ಫೋನು ಮಾಡಿದೆ. ಕಾರು ಅವಳ ತಮ್ಮನ ಕೊಟ್ಟಿಗೆಯಲ್ಲಿ, ದನಗಳ ಪಕ್ಕ ಇದೆಯಂತೆ. ಹಸಿರು ಬಣ್ಣ ಹೊಡೆಸೋಣ ಎಂದು ಅವನು ಕೇಳುತ್ತಲೇ ಇದ್ದಾನಂತೆ, ಇವಳು ಬಿಟ್ಟಿಲ್ಲ.

"ಮುಗೀತು ಅಂತ ಅವರು ಒಂದಿನಾನೂ ಅಂದಿಲ್ಲವ್ವಾ," ಎಂದಳು. "ನಾ ಹೆಂಗ ಬಣ್ಣ ಹೊಡಸ್ಲಿ?"

ಫೋನಿಟ್ಟೆ. ಮತ್ತೆ ಕೆಳಗಿಳಿದು ಗೇಟಿನ ಹತ್ತಿರ ಹೋಗಿ ನಿಂತೆ. ನಾಳೆ ಇದಕ್ಕೆ ಬಣ್ಣ ಬೀಳುತ್ತದೆ, ಈ ವಾಸನೆ ಹೋಗುತ್ತದೆ. ಗೋಡೆ ಬಡಿದು ಬೈಯಲು ಆಚೆ ಬದಿಗೆ ಈಗ ಯಾರೂ ಇಲ್ಲ.