ಶೇರು ಮಾರುವ ಮುನ್ನ ಒಂದು ಫುಟ್‌ಬಾಲ್ ಫೈನಲ್ಲು

ನನ್ನ ಅತ್ತೆ ರಾಹುಕಾಲ ನೋಡದೆ ಗ್ರೋಸರಿಗೂ ಹೊರಡುವುದಿಲ್ಲ. ಅದಕ್ಕಾಗಿ ಅವರನ್ನು ಎಷ್ಟು ಗೇಲಿ ಮಾಡಿದ್ದೇನೋ ನನಗೇ ಗೊತ್ತಿಲ್ಲ. ಎಂಜಿನಿಯರು ನೋಡಿ, ಸಾಕ್ಷಿಯಿಲ್ಲದೆ ಏನನ್ನೂ ನಂಬುವವನಲ್ಲ. ಅಂಥ ನಾನು ಒಂದು ಫೆಬ್ರವರಿಯಲ್ಲಿ ಸಂಸಾರದ ಭವಿಷ್ಯವನ್ನು ಅಮೆರಿಕನ್ ಫುಟ್‌ಬಾಲಿನ ಫೈನಲ್ಲಿಗೆ ಒಪ್ಪಿಸಿಬಿಟ್ಟೆ.

ಆಗ ನಾವಿದ್ದದ್ದು ಅಮೆರಿಕದ ಸ್ಯಾನ್ ಹೊಸೆ ನಗರದ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ. ಹೆಂಡತಿ ಅಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರು. ಅವಳಿಗಿದ್ದದ್ದು ಒಂದೇ ಆಸೆ: ಆಸ್ಪತ್ರೆಯ ಹತ್ತಿರವೇ ಮನೆ ಕೊಳ್ಳಬೇಕು, ಬೆಳಿಗ್ಗೆ ಮಗಳು ಏಳುವಾಗ ತಾನು ಮನೆಯಲ್ಲಿರಬೇಕು. ಅಂಥದ್ದೊಂದು ಮನೆ ಸಿಕ್ಕಿಯೂ ಇತ್ತು. ನನ್ನ ಕಂಪನಿಯ ಶೇರು ಮಾರಿದ್ದರೆ ಮುಂಗಡಕ್ಕೆ ಸಾಕಾಗುತ್ತಿತ್ತು.

"ಮಾರ್ಬಿಡಿ ರೀ, ಈಗ ರೇಟು ಚೆನ್ನಾಗಿದೆ," ಎಂದಳು.

"ಎರಡು ವಾರ ತಡ್ಕೋ. ಫೈನಲ್ಲು ಮುಗೀಲಿ."

ಆಫೀಸಿನಲ್ಲಿ ಊಟ ಮಾಡುವಾಗ ಯಾರೋ ಹೇಳಿದ ಸೂತ್ರವದು. ಫುಟ್‌ಬಾಲಿನ ಎರಡು ಬಣಗಳಲ್ಲಿ ಹಳೆಯ ಬಣದ ತಂಡ ಗೆದ್ದರೆ ಆ ವರ್ಷ ಶೇರುಪೇಟೆ ಏರುತ್ತದೆ, ಇನ್ನೊಂದು ಬಣದ್ದು ಗೆದ್ದರೆ ಇಳಿಯುತ್ತದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಹಳೆಯ ಫಲಿತಾಂಶಗಳನ್ನೆಲ್ಲ ಸ್ಪ್ರೆಡ್‌ಶೀಟಿಗೆ ಹಾಕಿದೆ.

ಫೈನಲ್ಲಿನ ದಿನ ಹೆಂಡತಿ ಡ್ಯೂಟಿ ಮುಗಿಸಿ ಬಂದು ಬೋಂಡ ಕರಿಯುತ್ತಿದ್ದಳು. ಅವಳು ಒಲೆಯ ಮುಂದೆ ನಿಂತಿದ್ದಾಗ ಹಳೆಯ ಬಣಕ್ಕೆ ಪಾಯಿಂಟು ಬಂತು. ಬಂದು ಸೋಫಾದಲ್ಲಿ ಕೂತಳೋ ಇಲ್ಲವೋ, ಎದುರಾಳಿಗೆ ಪಾಯಿಂಟು. ಆ ಆಟದ ನಿಯಮ ನನಗೆ ಅಷ್ಟಕ್ಕಷ್ಟೆ. ಆದರೆ ಮ್ಯಾಚು ನಡೆಯುವಾಗ ಜಾಗ ಬದಲಿಸಬಾರದು ಎಂಬುದು ಕ್ರಿಕೆಟ್ ನೋಡಿ ಬೆಳೆದ ಯಾವ ಬೆಂಗಳೂರಿನವನಿಗೆ ಗೊತ್ತಿಲ್ಲ?

"ಹೋಗು, ಒಲೆ ಹತ್ರಾನೇ ನಿಂತ್ಕೋ!"

"ಅಯ್ಯೋ, ಹಿಟ್ಟು ಖಾಲಿ ಆಯ್ತು ರೀ."

"ಸುಮ್ನೆ ನಿಂತ್ಕೊಳೇ, ಮನೆ ವಿಷಯ ಇದು!"

ಪಾಪ, ಆರಿದ ಒಲೆಯ ಪಕ್ಕ ನಗುತ್ತಲೇ ಕೊನೆಯವರೆಗೂ ನಿಂತಳು. ಹಳೆಯ ಬಣ ಗೆದ್ದಿತು. ನಾನು ಕುಣಿದೆ. ಶೇರು ಮಾರಲಿಲ್ಲ, ಏರುವುದು ಖಾತ್ರಿಯಾದ ವರ್ಷದಲ್ಲಿ ಯಾರಾದರೂ ಮಾರುತ್ತಾರೆಯೇ?

ಸೂತ್ರ ಸುಳ್ಳಾಗಲಿಲ್ಲ. ಆ ವರ್ಷ ಪೇಟೆ ಜೋರಾಗಿಯೇ ಏರಿತು. ನೆಲಕಚ್ಚಿದ್ದು ನನ್ನ ಕಂಪನಿಯ ಶೇರು. ಎಲ್ಲ ಶೇರೂ ಒಟ್ಟಿಗೆ ಏರುವುದಿಲ್ಲ ಎಂಬ ಸಣ್ಣ ವಿಷಯ ನನ್ನ ಸ್ಪ್ರೆಡ್‌ಶೀಟಿನಲ್ಲಿ ಇರಲಿಲ್ಲ.

ಆ ಮನೆ ಬೇರೆಯವರ ಪಾಲಾಯಿತು. ನಮ್ಮ ಕೈಗೆಟುಕಿದ್ದು ಆಸ್ಪತ್ರೆಯಿಂದ ಗಂಟೆ ದಾರಿಯಾಚೆಯ, ಬೆಳ್ಳುಳ್ಳಿಗೆ ಹೆಸರಾದ ಊರು ಗಿಲ್‌ರಾಯ್. ಮನೆ ದೊಡ್ಡದು, ಹಿತ್ತಿಲಿದೆ, ಗಾಳಿ ಬೀಸಿದರೆ ಬೆಳ್ಳುಳ್ಳಿಯ ವಾಸನೆ ಬಿಟ್ಟಿ. ಬಂದವರಿಗೆ ಇದನ್ನೆಲ್ಲ ನಾನೇ ಉತ್ಸಾಹದಿಂದ ತೋರಿಸುತ್ತೇನೆ. ಹೆಂಡತಿ ಮಾತ್ರ ಬೆಳಕು ಹರಿಯುವ ಮೊದಲೇ ಫ್ರೀವೇ ಹಿಡಿಯುತ್ತಾಳೆ. ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ಬೈದಿದ್ದರೆ ಪೇಟೆ ಏರಿತಲ್ಲ ಎಂದು ವಾದಿಸಬಹುದಿತ್ತು. ಬೈಯದಿರುವುದರಿಂದ ನಾಚಿಕೆಯಾಗುತ್ತದೆ.

ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಬಿಡುವುದು ಈಗ ನನ್ನ ಕೆಲಸ. ಮೊನ್ನೆ ಹಾಸಿಗೆಯಲ್ಲೇ ಎಬ್ಬಿಸಿ ಕೂರಿಸಿ ತಲೆ ಬಾಚತೊಡಗಿದೆ. ಕಣ್ಣು ಬಿಡದೆ ನನಗೆ ಒರಗಿಕೊಂಡು, "ಅಮ್ಮಾ, ಸ್ಲೋಲಿ," ಎಂದಳು.

ನಿಧಾನವಾಗಿ ಬಾಚಿದೆ.