ಸಾಂತಾ ಕ್ಲಾರಾಗೆ ಹಚ್ಚಿದ ಕುಂಕುಮ

ಡಾಟ್‌ಕಾಂ ಅಬ್ಬರದ ದಿನಗಳಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ನಮ್ಮ ಆಫೀಸಿನ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ. ಮಂಗಳೂರಿನ ಕೆಥೊಲಿಕ್ ಮನೆತನದವರು. ಫ್ರೀವೇಯಲ್ಲಿ ಸಂತರ ಹೆಸರಿನ ಊರಿನ ಬೋರ್ಡು ಕಂಡರೆ ಸಾಕು, ಮಾತು ನಿಲ್ಲಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಆ ದಾರಿಯಲ್ಲಿ ಬೋರ್ಡುಗಳೆಲ್ಲ ಅಂಥವೇ. ಅವರ ಮಾತು ಪೂರ್ತಿಯಾದದ್ದೇ ಇಲ್ಲ. ಯಾರಾದರೂ ಸ್ಯಾನ್ ಫ್ರಾನ್ಸಿಸ್ಕೋವನ್ನು 'ಎಸ್ಸೆಫ್' ಎಂದರೆ ಸಿಡುಕುತ್ತಿದ್ದರು: "ಪೂರ್ತಿ ಹೆಸರು ಹೇಳಿ ಮಾರಾಯ್ರೆ, ಅವರು ಸಂತರು!"

ನಮ್ಮ ಸರ್ವರುಗಳಿಗೂ ಆ ಊರುಗಳ ಹೆಸರನ್ನೇ ಇಟ್ಟಿದ್ದೆವು. ಆಯುಧಪೂಜೆಯ ದಿನ ಮಂಡ್ಯದ ಮ್ಯಾನೇಜರು ಅವಕ್ಕೆಲ್ಲ ಕುಂಕುಮ ಹಚ್ಚಿ, ಹೂವಿಟ್ಟು, ಭಕ್ತಿಯಿಂದ ಕೈ ಮುಗಿದರು. ಮರುದಿನ ಗಿರಾಕಿಗಳ ಮುಂದೆ ಡೆಮೋ ನಡೆಯುವಾಗಲೇ ಸಾಂತಾ ಕ್ಲಾರಾ ಎಂಬ ಸರ್ವರು ಕೈಕೊಟ್ಟಿತು. ಮ್ಯಾನೇಜರು ಸರ್ವರ್ ರೂಮಿಗೆ ನುಗ್ಗಿ ಅದಕ್ಕೆ ಜಾಡಿಸಿ ಒದ್ದರು.

"ದರಿದ್ರ ಸಾಂತಾ ಕ್ಲಾರಾ! ಕಿತ್ತು ಕಸಕ್ಕೆ ಎಸೀರಿ ಇದನ್ನ!"

ಆಕೆ ಅಡ್ಡ ಬಂದು ನಿಂತರು. ಮುಖ ಕೆಂಡವಾಗಿತ್ತು.

"ಕಾಲು ತೆಗೀರಿ! ಅದು ಯಾರ ಹೆಸರು ಅಂತ ಗೊತ್ತುಂಟಾ ನಿಮಗೆ?"

"ಅಯ್ಯೋ, ಅದು ಬರೀ ಮೆಷೀನು ಕಣಮ್ಮ."

"ಬರೀ ಮೆಷೀನಾ? ಹಾಗಾದ್ರೆ ನಿನ್ನೆ ಅದಕ್ಕೆ ಕೈ ಮುಗಿದದ್ದು ಎಂತಕ್ಕೆ?"

ಮ್ಯಾನೇಜರು ಕಾಲು ಹಿಂದಕ್ಕೆ ತೆಗೆದರು. ಸರ್ವರಿನ ಮೇಲೆ ನಿನ್ನೆಯ ಕುಂಕುಮ, ಅದರ ಪಕ್ಕದಲ್ಲೇ ಶೂ ಗುರುತು. ಆಕೆ ಬಗ್ಗಿ, ದುಪಟ್ಟಾದ ತುದಿಯಿಂದ ಶೂ ಗುರುತನ್ನು ಒರೆಸಿದರು. ಕುಂಕುಮಕ್ಕೆ ಬಟ್ಟೆ ತಾಗದಂತೆ ಒರೆಸಿದರು.