ಜ್ವರ ವಿಚಾರಿಸಲು ಬಂದವರು

ಮೂಡಬಿದಿರೆಯ ನಮ್ಮ ಬೀದಿಯಲ್ಲಿ ಫ್ಲೂ ಇಳಿಯಿತೆಂದು ನಾನು ನೆಮ್ಮದಿಯ ಉಸಿರು ಬಿಟ್ಟ ದಿನವೇ ವೇಣೂರಿನ ದೊಡ್ಡಮ್ಮ ಬಸ್ಸಿಳಿದು ಬಂದರು. ಕೈಯಲ್ಲಿ ಬ್ರೆಡ್ಡು, ಮೂಸಂಬಿ. ಜೊತೆಗೆ ಕೆಮ್ಮು.

“ನಿನ್ನ ಜ್ವರ ವಿಚಾರಿಸಲಿಕ್ಕೆ ಬಂದದ್ದು ಮಗಾ. ಆಗಲೇ ಬರಬೇಕಿತ್ತು, ನಾನೂ ಮಲಗಿದ್ದೆ ನೋಡು. ಬಾರದಿದ್ದರೆ ನಾಲ್ಕು ಜನ ಏನು ಹೇಳಿಯಾರು?”

(ಈ ನಾಲ್ಕು ಜನರಿಗೆ ಮಾತ್ರ ಯಾವ ಜ್ವರವೂ ಯಾಕೆ ಬರುವುದಿಲ್ಲ?)

ನನಗೆ ಜ್ವರವಿದ್ದಷ್ಟು ದಿನ ನಾನು ಚಾವಡಿಯಲ್ಲೇ ಬಿದ್ದುಕೊಂಡಿದ್ದೆ. ಒಳಗೆ ಹೆಂಡತಿ, ಏಳು ತಿಂಗಳ ಬಸುರಿ. ಗಂಜಿಯ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. (ಮದುವೆಯಾದ ಮೇಲೆ ನಾವು ಜಗಳವಿಲ್ಲದೆ ಕಳೆದ ದಿನಗಳು ಅವೇ.) ಬಸುರಿಯರಿಗೆ ಈ ಜ್ವರ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದಂದಿನಿಂದ, ಅವಳು ಸೀನಿದರೂ ನಾನು ಎದ್ದು ಕೂರುತ್ತಿದ್ದೆ.

ದೊಡ್ಡಮ್ಮ ಸೀದಾ ಒಳಗೆ ಹೋಗಿ, ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ಹೊಟ್ಟೆ ಸವರಿ ಕೆಮ್ಮಿದರು.

“ದೊಡ್ಡಮ್ಮ, ಹೊರಗೆ ಕೂತುಕೊಳ್ಳುವ. ಇಲ್ಲಿ ಸೆಕೆ ಉಂಟು.”

“ಸೆಕೆ ಎಲ್ಲಿ ಮಾರಾಯ?”

ಹೊರಗೆ ಮಳೆ ಹೊಯ್ಯುತ್ತಿತ್ತು. ಬೇರೆ ಸುಳ್ಳು ಹೊಳೆಯಲಿಲ್ಲ. ನನ್ನನ್ನು ಎತ್ತಿ ಆಡಿಸಿದವರನ್ನು ಎದ್ದೇಳಿ ಎನ್ನಲು ಬಾಯಿ ಬರಲಿಲ್ಲ.

ಜ್ವರ ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ? ಕೆಲವರು ಮಳೆ ಎನ್ನುತ್ತಾರೆ, ಕೆಲವರು ಹಲಸಿನ ಹಣ್ಣು. ನನಗೆ ತೋರುವುದೇ ಬೇರೆ. ಮನೆಮನೆಯಲ್ಲೂ ಎಲ್ಲರೂ ಮಲಗಿದ್ದಾಗ ವಿಚಾರಿಸಲು ಹೋಗುವವರು ಇರಲಿಲ್ಲ. ಜ್ವರ ಇಳಿಯಿತು. ಇಳಿದದ್ದೇ ತಡ, ಬಾಕಿಯಿದ್ದ ಮರ್ಯಾದೆ ತೀರಿಸಲು ಎಲ್ಲರೂ ಹೊರಟರು. ಬೆಳ್ತಂಗಡಿಯವರು ಬಂಟ್ವಾಳಕ್ಕೆ, ಬಂಟ್ವಾಳದವರು ಇಲ್ಲಿಗೆ. ಬಸ್ಸಿನ ತುಂಬ ಬ್ರೆಡ್ಡು, ಕೆಮ್ಮು. ಈಗ ಡಾಕ್ಟರ ಜಗಲಿ ಮತ್ತೆ ತುಂಬಿದೆ.

ನಿನ್ನೆ ಹೆಂಡತಿ ಮೆಲ್ಲಗೆ ಹೇಳಿದಳು: “ತಲೆ ಸ್ವಲ್ಪ ಭಾರ ಉಂಟು.”

ಹಣೆ ಮುಟ್ಟಿದೆ. ಸುಡುತ್ತಿತ್ತು. ನನಗೆ ಭಯವಾಗಿದೆ ಓದುಗರೇ, ಮುಚ್ಚಿಡುವುದೇನು? ರಾತ್ರಿಯೆಲ್ಲ ಅವಳ ಉಸಿರನ್ನೇ ಕೇಳುತ್ತ ಕೂತಿದ್ದೆ.

ಯಾರಿಗೂ ಹೇಳಬಾರದೆಂದುಕೊಂಡಿದ್ದೆ. ಆದರೆ ಬೆಳಿಗ್ಗೆ ಔಷಧಿಯ ಬಾಟ್ಲಿ ಹಿಡಿದು ಬರುವಾಗ ವೇಣೂರು ಬಸ್ಸಿನ ಕಂಡಕ್ಟರ ಕಣ್ಣಿಗೆ ಬಿದ್ದೆ.

“ಮನೆಯವರಿಗೆ ಹುಷಾರಿಲ್ವಾ? ನೀವು ತಲೆಬಿಸಿ ಮಾಡ್ಬೇಡಿ. ದೊಡ್ಡಮ್ಮನಿಗೆ ನಾನೇ ಹೇಳ್ತೇನೆ.”

ಬೇಡ ಎನ್ನುವಷ್ಟರಲ್ಲಿ ಬಸ್ಸು ಹೊರಟಿತ್ತು. ಒಬ್ಬರಿಗೆ ಹೇಳಿದರೆ ಸಾಕು, ನಾಳೆ ನೆಂಟರೆಲ್ಲ ಬರುತ್ತಾರೆ. ಇವಳ ಸುತ್ತ ಕೂತು, ಸಂಜೆ ತಮ್ಮ ಮನೆಯ ಬಸುರಿ, ಬಾಣಂತಿಯರ ಬಳಿಗೆ ಮರಳುತ್ತಾರೆ.

ಬಾಗಿಲಿಗೆ ಚಿಲಕ ಹಾಕಿದ್ದೇನೆ. ಅಷ್ಟು ಪ್ರೀತಿಯಿಂದ ಬಂದವರಿಗೆ ‘ಹಿಂದೆ ಹೋಗಿ’ ಎನ್ನಲು ನಾಲಗೆ ಹೊರಳೀತೇ?